ವಿಭೂತಿ ಹಚ್ಚಿದ ಹೊಲಿಗೆ ಯಂತ್ರ

ಹೊಳೆನರಸೀಪುರದ ಪೇಟೆಬೀದಿಯಲ್ಲಿ ಹೊಲಿಗೆ ಯಂತ್ರ ಮಾರಿದ ಮೊದಲ ಹೆಂಗಸು ನನ್ನ ಸೋದರತ್ತೆ ನೀಲಾಂಬಿಕೆ. ಗಂಡ ಸತ್ತ ಮೇಲೆ ಅವನ ಬಟ್ಟೆ ಅಂಗಡಿಯ ಅರ್ಧವನ್ನು ಇದಕ್ಕೆ ಬಿಟ್ಟಳು.

ಯಂತ್ರ ವಿಲಾಯಿತಿ ಕಂಪನಿಯದು. ಹಾಸನದಲ್ಲಿ ಕಾಫಿ ತೋಟದ ದೊರೆಗಳು ಓಡಾಡುತ್ತಾರೆಂದು ಕಂಪನಿಯವರು ಅಲ್ಲಿ ಸ್ವಂತ ಅಂಗಡಿ ತೆರೆದರು. ನಮ್ಮೂರಿನವರು ತಮಗಿಂತ ತೀರ ಬೇರೆಯ ಜನ ಎಂದು ಅತ್ತೆಗೆ ಒಂದು ವರ್ಷದ ಏಜೆನ್ಸಿ ಮಾತ್ರ ಕೊಟ್ಟರು. ಆ ವರ್ಷದಲ್ಲಿ ಅವಳು ಹಳೇಕೋಟೆ, ಹರದನಹಳ್ಳಿ ಸುತ್ತಿ ಹನ್ನೊಂದು ಯಂತ್ರ ಮಾರಿದಳು. ಏಜೆನ್ಸಿ ಮುಂದುವರಿಸಬೇಕೇ ಎಂದು ನೋಡಲು ೧೯೩೮ರಲ್ಲಿ ಮದರಾಸಿನಿಂದ ಕಂಪನಿಯ ದೊರೆಯೊಬ್ಬ ಬಂದ. ಇಂಗ್ಲಿಷ್ ಕಲಿತಿದ್ದ ನಾನು ದುಭಾಷಿಯಾದೆ.

ಅವನು ಬಂದದ್ದು ಆಯುಧಪೂಜೆಯ ದಿನ. ಮೂರು ಮನೆ ತೋರಿಸಿದೆವು. ಯಂತ್ರಗಳು ವಿಭೂತಿ, ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂ ಮುಡಿದು ಕದಲದೆ ಕುಳಿತಿದ್ದವು. ಹಳೇಕೋಟೆಯ ಪುಟ್ಟತಾಯಮ್ಮನಿಗೆ ಹೊಲಿದು ತೋರಿಸಲು ಹೇಳಿದ.

"ಇವತ್ತು ಮುಟ್ಟಂಗಿಲ್ಲ ಕಣವ್ವ. ನಾಳೆ ಬರಾಕೇಳು, ಅವರ ಚಡ್ಡೀನೂ ಮಂಡಿಗಂಟ ಉದ್ದ ಮಾಡ್ಕೊಡ್ತೀನಿ."

ಚಡ್ಡಿಯ ಮಾತನ್ನು ನಾನು ಅನುವಾದಿಸಲಿಲ್ಲ.

ದೊರೆ ಪುಸ್ತಕದಲ್ಲಿ ಬರೆದುಕೊಂಡ. "ಇವರು ಯಂತ್ರವನ್ನು ಪೂಜಿಸುತ್ತಾರೆ, ಬಳಸುವುದಿಲ್ಲ. ಇಲ್ಲಿ ನಮಗೆ ವ್ಯಾಪಾರವಿಲ್ಲ" ಎಂದ.

ಅತ್ತೆ ನೇರವಾಗಿ ಹೋಗಿ ಅವನ ಮೋಟಾರಿನ ಮುಂದೆ ನಿಂತಳು. ಡ್ರೈವರ್ ಚನ್ನಪ್ಪ ಬೆಳಿಗ್ಗೆಯೇ ಅದಕ್ಕೂ ಕುಂಕುಮವಿಟ್ಟು ಹಾರ ಹಾಕಿದ್ದ.

"ಇದಕ್ಕೂ ಪೂಜೆ ಆಗೈತೆ. ದೊರೆ ಇಲ್ಲೀಗಂಟ ಎತ್ತಿನ ಗಾಡೀಲಿ ಬಂದ್ರಾ, ಕೇಳು."

"ನಾನೂ ಇವತ್ತು ಗಾಡಿ ತೆಗೀತಿರಲಿಲ್ಲ ಕಣವ್ವ. ದೊರೆ ಬಿಡ್ನಿಲ್ಲ" ಎಂದು ಚನ್ನಪ್ಪ ನಕ್ಕ.

ಎರಡು ಮಾತನ್ನೂ ಇದ್ದಂತೆಯೇ ಹೇಳಿದೆ. ದೊರೆಯ ಮುಖ ಕೆಂಪಾಯಿತು. ನಾಳೆಯವರೆಗೆ ಇದ್ದು ನೋಡಿ ಎಂದರೆ ಇರಲಿಲ್ಲ, ಬರೆದದ್ದನ್ನು ಹೊಡೆದುಹಾಕಲೂ ಇಲ್ಲ. ತಿಂಗಳೊಳಗೆ ಏಜೆನ್ಸಿ ಹೋಯಿತು.

ಅತ್ತೆ ಕಂಪನಿಯ ಬೋರ್ಡನ್ನು ತಿರುಗಿಸಿ, ಹಿಂಬದಿಯಲ್ಲಿ ತನ್ನ ಹೆಸರು ಬರೆಸಿ ಮತ್ತೆ ತೂಗುಹಾಕಿದಳು. ಹಳೆಯ ಯಂತ್ರಗಳನ್ನು ಕೊಂಡು, ತಾನೇ ಬಿಚ್ಚಿ, ಎಣ್ಣೆ ಬಿಟ್ಟು ಸರಿಮಾಡಿ ಮಾರಿದಳು. ಯುದ್ಧ ಮುಗಿಯುವ ಹೊತ್ತಿಗೆ ಅರಕಲಗೂಡು, ಚನ್ನರಾಯಪಟ್ಟಣದಿಂದಲೂ ಹೆಂಗಸರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು.

೧೯೪೬ರಲ್ಲಿ ಕಂಪನಿಯ ಕಾಗದ ಬಂತು: ಮತ್ತೆ ಏಜೆಂಟ್ ಆಗುವಿರಾ? ಪರಿಶೀಲನೆಗೆ ಯಾವ ದಿನ ಬರಬಹುದು?

"ಆಯುಧಪೂಜೆ ದಿನಾನೇ ಬರ್ಲಿ ಅಂತ ಬರಿ" ಎಂದಳು ಅತ್ತೆ. "ಮೂರಲ್ಲ, ಮೂವತ್ತು ಮನೆ ತೋರಿಸ್ತೀನಿ. ಒಂದು ಮಿಷಿನ್ನಾದ್ರೂ ಓಡ್ತಿದ್ರೆ ನಂಗೆ ಏಜೆನ್ಸಿ ಬ್ಯಾಡ."

ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.