ಗವಿಯೊಳಗೆ ಸತ್ಯಪ್ಪ ತಿರುಗಿ ನೋಡಿದ್ದು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಮೂಡಲಗಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹೋದ ಹೊಸದರಲ್ಲಿ, ನಾನು ಹಿಡಿದ ಬಾಡಿಗೆ ಕೋಣೆಯಲ್ಲಿ ದೆವ್ವ ಓಡಾಡುತ್ತದೆಂದು ಓಣಿಯವರೆಲ್ಲ ಹೆದರಿಸಿದ್ದರು. ಏಣಿ ಹಾಕಿ ಹತ್ತಿ ನೋಡಿದರೆ ಮಾಡಿನ ತಗಡಿನ ಮೊಳೆ ಸಡಿಲಾಗಿ, ಗಾಳಿ ಬಂದಾಗಲೆಲ್ಲ ತಗಡು ಬಡಿದುಕೊಳ್ಳುತ್ತಿತ್ತು. ಕಲ್ಲಿನಿಂದ ನಾಲ್ಕು ಏಟು ಹಾಕಿದೆ. ದೆವ್ವ ಊರು ಬಿಟ್ಟಿತು. ಆಮೇಲೆ ಯಾರಾದರೂ ಭೂತದ ಕಥೆ ತೆಗೆದರೆ ನಾನು ನಕ್ಕು ಬೇರೆ ಮಾತು ತೆಗೆಯುತ್ತಿದ್ದೆ. ಹೀಗಿದ್ದ ನಾನು ಇದನ್ನು ಬರೆಯುತ್ತಿರುವುದಕ್ಕೆ ಓದುವವರು ನಗಬಹುದು. ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳುವುದಷ್ಟೇ ನನ್ನ ಕೆಲಸ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ದಿನಗಳಾಗಿರಲಿಲ್ಲ. ಆಗ ಗೋಕಾಕದಲ್ಲಿ ಲಗಮಣ್ಣ ಸುಭೇದಾರರೆಂದು ಒಬ್ಬರಿದ್ದರು. ದೊಡ್ಡ ಯುದ್ಧದಲ್ಲಿ ಇಟಲಿಯವರೆಗೆ ಹೋಗಿ ಸೇತುವೆ ಕಟ್ಟಿ ಬಂದವರು. ಅಲ್ಲಿ ಬಾಂಬಿಗೆ ಹೆದರಿ ಒಂದು ಹಳ್ಳಿಯ ಜನ ಗವಿಗಳಲ್ಲೇ ಸಂಸಾರ ಹೂಡಿದ್ದನ್ನು ಕಂಡಿದ್ದರಂತೆ. ಅಂದಿನಿಂದ ಅವರಿಗೆ ಗವಿಗಳ ಹುಚ್ಚು. ಪಿಂಚಣಿ ಪಡೆದು ಊರಿಗೆ ಬಂದ ಮೇಲೆ, ಅಂಕಲಗಿಯ ಕಡೆಯ ಗುಡ್ಡದಲ್ಲಿ ಕುರುಬರು ಮಳೆಗೆ ಕುರಿ ನಿಲ್ಲಿಸುತ್ತಿದ್ದ ಒಂದು ಗವಿಯನ್ನು ಹೊಕ್ಕರು. ಮುಂದಿನ ಪಡಸಾಲೆಯಷ್ಟೇ ಜನಕ್ಕೆ ಗೊತ್ತಿತ್ತು. ಸುಭೇದಾರರು ಅದರ ಹಿಂದೆ ಒಂದರೊಳಗೊಂದು ತೆರೆದುಕೊಳ್ಳುವ ಅಂಗಳಗಳನ್ನೂ ಓಣಿಗಳನ್ನೂ ಹುಡುಕಿ ತೆಗೆದರು. ಮಳೆಗಾಲ ಮುಗಿದ ಮೇಲೆ ಭಾನುವಾರಗಳಂದು ಆಸೆಪಟ್ಟವರನ್ನು ಕರೆದೊಯ್ದು ತೋರಿಸುತ್ತಿದ್ದರು. ಅದಕ್ಕೆ "ಸಾಹಸ ಪ್ರವಾಸ" ಎಂದು ಅವರೇ ಹೆಸರಿಟ್ಟಿದ್ದರು. ಆ ಹೆಸರನ್ನು ಹೇಳುವಾಗ ಅವರ ಮೀಸೆ ಸ್ವಲ್ಪ ಮೇಲೇಳುತ್ತಿತ್ತು.

ಅವರ ಮನೆತನ ಎರಡು ವರ್ಷಗಳ ಹಿಂದೆ ಬೌದ್ಧ ಧರ್ಮ ಸ್ವೀಕರಿಸಿತ್ತು. ಜಗಲಿಯ ಮೇಲಿದ್ದ ಹಳೆಯ ದೇವರುಗಳನ್ನು ಘಟಪ್ರಭೆಗೆ ಬಿಟ್ಟು ಬಂದಿದ್ದರು. ಅವರ ಕೈಯಿಂದ ನೀರು ಕುಡಿಯದ ಮಂದಿ ಊರಲ್ಲಿ ಬೇಕಾದಷ್ಟಿದ್ದರು. ಗವಿಯ ಬಾಯಿ ದಾಟಿದ ಮೇಲೆ ಅದೇ ಮಂದಿ ಆ ಕೈಯನ್ನು ಗಟ್ಟಿಯಾಗಿ ಹಿಡಿದು ನಡೆಯುತ್ತಿದ್ದರು. ಸುಭೇದಾರರು ಅದನ್ನು ಕಂಡೂ ಕಾಣದವರ ಹಾಗಿದ್ದು, "ಕಾಲ ನೋಡಿ ಇಡ್ರಿ, ಜಾರತೈತಿ" ಎಂದಷ್ಟೇ ಹೇಳುತ್ತಿದ್ದರು. ಅಂಥ ಮನುಷ್ಯ.

ಅವರ ತಮ್ಮ ಸತ್ಯಪ್ಪ. ಏಳು ವರ್ಷದವನಿದ್ದಾಗ ಜ್ವರ ಬಂದು ಎರಡೂ ಕಿವಿ ಪೂರ್ತಿ ಹೋಗಿದ್ದವು. ಅಷ್ಟರೊಳಗೆ ಮಾತು ಕಲಿತಿದ್ದರಿಂದ ಮಾತನಾಡಬಲ್ಲವನಾಗಿದ್ದ. ಧ್ವನಿಗೆ ಏರಿಳಿತವಿರಲಿಲ್ಲ, ಅಷ್ಟೇ. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದ. ಗವಿಯಲ್ಲಿ ಗ್ಯಾಸಬತ್ತಿ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವವನು ಅವನೇ. ಅವನ ನಡುವಿಗೆ ಕಟ್ಟಿದ ಹಗ್ಗದ ತುದಿ ಹಿಂದೆ ಬರುವ ಸುಭೇದಾರರ ಕೈಯಲ್ಲಿರುತ್ತಿತ್ತು. ಹಗ್ಗ ಜಗ್ಗಿದರೆ ನಿಲ್ಲಬೇಕು. ಕಿವಿ ಕೇಳದವನನ್ನು ಮುಂದೆ ಬಿಡುತ್ತೀರಲ್ಲ ಎಂದು ನಾನು ಕೇಳಿದಾಗ ಸುಭೇದಾರರು ನಕ್ಕರು.

"ಅಕ್ಕಾರ, ಅವನ ಕಣ್ಣ ನನ್ನ ಕಣ್ಣಕಿಂತ ಛಲೋ ಅದಾವು. ಅಂಥಾ ಕತ್ತಲ್ಯಾಗ ಕಿವಿ ತಗೊಂಡು ಏನ್ ಮಾಡೋದೈತ್ರಿ?"

ಆ ಭಾನುವಾರ ನಾವು ಹೋದವರು ಮೂವರು: ನಾನು, ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ ಸುಶೀಲಾಬಾಯಿ, ಮತ್ತು ಹುಕ್ಕೇರಿಯ ದನದ ಡಾಕ್ಟರರು. ಸುಶೀಲಾಬಾಯಿ ನಿಪ್ಪಾಣಿ ಕಡೆಯವರು, ಮನೆಮಾತು ಮರಾಠಿ. ಸ್ಥೂಲ ಶರೀರ, ಆದರೆ ಹೆದರಿಕೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಡಾಕ್ಟರರು ಯಾವುದನ್ನೂ ತೂಗಿ ನೋಡದೆ ಒಪ್ಪದ ಜನ. ಬೆಳಗಿನ ಬಿಸಿಲು ಏರುವ ಮೊದಲೇ ಗುಡ್ಡ ಹತ್ತಿದೆವು. ಹೆಂಗಸರಿಬ್ಬರೂ ಸೀರೆಗೆ ಕಚ್ಚೆ ಹಾಕಿದ್ದೆವು.

ಆ ಗವಿಯನ್ನು ಹೇಗೆ ವರ್ಣಿಸಲಿ! ಹೊರಗಿನ ಪಡಸಾಲೆ ದಾಟಿ ಬಗ್ಗಿ ಒಳಗೆ ಹೊಕ್ಕರೆ ಒಂದು ದೊಡ್ಡ ಅಂಗಳ. ಮೇಲೆ ಎಲ್ಲೋ ಬಂಡೆ ಸೀಳಿದ ಕಡೆಯಿಂದ ಬಿಸಿಲು ಒಂದೇ ಕೋಲಾಗಿ ಇಳಿದು ನೆಲ ಮುಟ್ಟುತ್ತಿತ್ತು. ಬಂಡೆಗಳ ಬಣ್ಣ ತೆಳು ಗುಲಾಬಿ, ನಡುನಡುವೆ ಕಾವಿಯ ಪಟ್ಟೆ. ಸುಭೇದಾರರು ಬ್ಯಾಟರಿಯ ಬೆಳಕನ್ನು ಮಾಡಿಗೆ ಹಿಡಿದು, "ಮ್ಯಾಲ ನೋಡ್ರಿ" ಎಂದರು. ನೆತ್ತಿಯ ಮೇಲಿನ ಬಂಡೆಯ ತುಂಬ ಸಣ್ಣ ಸಣ್ಣ ತೆರೆಗಳ ಗುರುತು, ಹೊಳೆಯ ದಂಡೆಯ ಉಸುಕಿನ ಮೇಲೆ ನೀರು ಬರೆದು ಹೋಗುತ್ತದಲ್ಲ, ಹಾಗೆ. ಯಾವ ಕಾಲದ ನೀರೋ ಅಲ್ಲಿ ಹರಿದು ಹೋಗಿತ್ತು. ಅದರ ಹೆಜ್ಜೆ ಕಲ್ಲಾಗಿ ನಮ್ಮ ತಲೆಯ ಮೇಲೆ ಉಳಿದಿತ್ತು. ಕತ್ತು ನೋಯುವವರೆಗೆ ನೋಡಿದೆ. ಡಾಕ್ಟರರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು, ಗುಡಿಯಲ್ಲಿ ನಿಂತವರ ಹಾಗೆ. ಸುಶೀಲಾಬಾಯಿಯ ಕಣ್ಣಲ್ಲಿ ನೀರು ಬಂದಿತ್ತು. ಅವರು ಅದನ್ನು ಮರೆಮಾಡಲಿಲ್ಲ.

ಅಲ್ಲಿಂದ ಮುಂದೆ ಇಕ್ಕಟ್ಟಾದ ಓಣಿ. ಸೈನ್ಯದ ಹುಡುಗರಿಗೆ ಹೇಳುವಂತೆ ಸುಭೇದಾರರು ಹೊಟ್ಟೆಯ ಮೇಲೆ ತೆವಳುವುದನ್ನು ಕಲಿಸಿದರು. ಅದರಾಚೆ ಕಪ್ಪು ಅಂಗಳ ಎಂದು ಅವರು ಕರೆಯುತ್ತಿದ್ದ ಜಾಗ. ಅದರ ನಟ್ಟನಡುವೆ ಒಂದು ಹಾಸುಬಂಡೆ ಇತ್ತು. ಪ್ರತಿ ಸಲವೂ ಸತ್ಯಪ್ಪ ನೇರ ಅದರ ಹತ್ತಿರ ಹೋಗಿ ಗ್ಯಾಸಬತ್ತಿ ಇಡುವುದು, ಉಳಿದವರು ಸುತ್ತಲೂ ಕುಳಿತುಕೊಳ್ಳುವುದು ರೂಢಿ.

ಮೊದಲು ಸತ್ಯಪ್ಪ ತೆವಳಿ ಹೋದ. ಅವನ ಹಿಂದೆ ನಾನು, ನನ್ನ ಹಿಂದೆ ಡಾಕ್ಟರರು. ಓಣಿಯ ನಡುವೆ ಸುಶೀಲಾಬಾಯಿ ಸಿಕ್ಕಿಹಾಕಿಕೊಂಡರು. ಅತ್ತ ಸರಿಯಲು ಬಾರದು, ಇತ್ತ ಸರಿಯಲು ಬಾರದು. ಅವರ ಹಿಂದೆಯೇ ಇದ್ದ ಸುಭೇದಾರರು, "ಉಸರ ಪೂರಾ ಬಿಡ್ರಿ ಬಾಯಾರ, ಗಾಬ್ರಿ ಆಗಬ್ಯಾಡ್ರಿ" ಎಂದು ಹೇಳುತ್ತ ಎರಡೂ ಕೈಯಿಂದ ಅವರನ್ನು ಬಿಡಿಸತೊಡಗಿದರು. ಅದಕ್ಕಾಗಿ ಹಗ್ಗವನ್ನು ಕೈಬಿಟ್ಟಿದ್ದರು. ಇದು ನನಗೆ ಹೇಗೆ ಗೊತ್ತೆಂದರೆ, ಮುಂದೆ ನಡೆಯುತ್ತಿದ್ದ ಸತ್ಯಪ್ಪನ ಹಿಂದೆ ಹಗ್ಗ ಬಿಗಿಯಿಲ್ಲದೆ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಜಾಗ ಅವನಿಗೆ ಗೊತ್ತಿದ್ದದ್ದೇ ಆದ್ದರಿಂದ ನನಗೇನೂ ಆತಂಕವಾಗಲಿಲ್ಲ. ಗ್ಯಾಸಬತ್ತಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಅವನು ಹೊರಟಿದ್ದ; ಅದರ ಬುಡದ ನೆರಳು ಅವನ ಕಾಲ ಮುಂದೆಯೇ ಬೀಳುತ್ತಿತ್ತು. ನಾನು ಅವನ ಬೆನ್ನು ನೋಡಿಕೊಂಡು ಹೆಜ್ಜೆ ಹಾಕುತ್ತಿದ್ದೆ.

ಆಗ ಕೇಳಿಸಿತು.

"ನಿಲ್ಲು."

ಹೆಣ್ಣಿನ ಧ್ವನಿ. ಕೂಗಿದ್ದಲ್ಲ. ಹೊಸ್ತಿಲಲ್ಲಿ ಎಡವಲಿರುವ ಮಗುವಿಗೆ ಒಳಮನೆಯಿಂದ ಯಾರೋ ಹೇಳಿದ ಹಾಗೆ, ಮೆಲ್ಲಗೆ, ಆದರೆ ಮೀರಲಾಗದ ಹಾಗೆ. ಅದು ಎಡಗಡೆಯಿಂದ ಬಂತು. ಎಡಗಡೆ ಇದ್ದದ್ದು ಬರೀ ಬಂಡೆಯ ಗೋಡೆ. ನಾನು ನಿಂತೆ.

ನನ್ನ ಮುಂದೆ ಸತ್ಯಪ್ಪನೂ ನಿಂತ. ನಿಂತವನು ಕುತ್ತಿಗೆ ಎಡಕ್ಕೆ ತಿರುಗಿಸಿದ. ಬೆಳಗಿನಿಂದ ಅವನ ಜೊತೆಗಿದ್ದೆ. ಬಾವಲಿಗಳು ಕೀರಲಿಟ್ಟು ಎದ್ದಾಗ ನಾವೆಲ್ಲ ಬೆಚ್ಚಿ ಬಿದ್ದರೂ ಅವನು ತಿರುಗಿರಲಿಲ್ಲ. ಶಬ್ದದ ಕಡೆಗೆ ಮುಖ ತಿರುಗಿಸುವುದು ಕಿವಿ ಇದ್ದವರ ಅಭ್ಯಾಸ. ಅವನಲ್ಲಿ ಅದು ಎಂದೋ ಸತ್ತುಹೋಗಿತ್ತು. ಈಗ ತಿರುಗಿದ. ಗೋಡೆಯನ್ನೇ ನೋಡುತ್ತ ತನ್ನ ಏರಿಳಿತವಿಲ್ಲದ ಧ್ವನಿಯಲ್ಲಿ ಕೇಳಿದ:

"ಯಾರ ಕರದ್ರಿ?"

ನಾನು ಉತ್ತರ ಹೇಳಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಅವನು ಮೆಲ್ಲಗೆ ಗ್ಯಾಸಬತ್ತಿ ಕೆಳಗಿಳಿಸಿದ. ಅವನ ಕಾಲ್ಬೆರಳಿನ ಮುಂದೆ ನೆಲವಿರಲಿಲ್ಲ. ಹಾಸುಬಂಡೆಯೂ ಇರಲಿಲ್ಲ. ಆ ವರ್ಷದ ಮಳೆಗೆ ಅಡಿಯ ಮಣ್ಣು ಕೊಚ್ಚಿ ಹೋಗಿ, ಹಿಂದಿನ ಭಾನುವಾರದವರೆಗೂ ಜನ ಕುಳಿತೆದ್ದ ನೆಲ ಯಾವಾಗಲೋ ಒಳಗೆ ಕುಸಿದಿತ್ತು. ಡಾಕ್ಟರರು ಒಂದು ಕಲ್ಲು ಎಸೆದರು. ಅದು ಬಿದ್ದ ಸದ್ದು ಬರುವಷ್ಟರಲ್ಲಿ ಇನ್ನು ಬಾರದೇನೋ ಎನಿಸಿಬಿಟ್ಟಿತು.

ಅಷ್ಟರಲ್ಲಿ ಸುಭೇದಾರರು ಸುಶೀಲಾಬಾಯಿಯನ್ನು ಬಿಡಿಸಿಕೊಂಡು ಬಂದರು. ಬ್ಯಾಟರಿಯ ಬೆಳಕಲ್ಲಿ ಗುಂಡಿಯನ್ನೂ ನೆಲದ ಮೇಲೆ ಬಿದ್ದಿದ್ದ ಹಗ್ಗವನ್ನೂ ಕಂಡರು. ತಮ್ಮನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ನಮ್ಮೆಲ್ಲರನ್ನು ಒಬ್ಬೊಬ್ಬರನ್ನಾಗಿ, ಧ್ವನಿ ಎತ್ತದೆ, ಅವಸರ ಮಾಡದೆ ಬಿಸಿಲಿಗೆ ತಂದು ಮುಟ್ಟಿಸಿದರು. ಆ ಸಮಾಧಾನವನ್ನು ನೆನೆದರೆ ನನಗೆ ಇಂದಿಗೂ ಬೆರಗು.

ಹೊರಗೆ ಮರದ ಕೆಳಗೆ ಕುಳಿತಾಗ ಮೊದಲು ಮಾತು ತೆಗೆದವರು ಸುಶೀಲಾಬಾಯಿ.

"ಆಗ ನೀನು ಥಾಂಬ ಅಂದದ್ದು ಯಾರಿಗೆ? ನನಗೇನು?" ಎಂದು ನನ್ನನ್ನು ಕೇಳಿದರು.

ನಾನೇನೂ ಅಂದಿರಲಿಲ್ಲ. ನನಗೆ ಮರಾಠಿಯೂ ಬಾರದು. ಓಣಿಯಲ್ಲಿ ಸಿಕ್ಕಿಕೊಂಡಿದ್ದ ಅವರಿಗೆ "ಥಾಂಬ" ಎಂದು, ಅಂದರೆ ನಿಲ್ಲು ಎಂದು, ತಮ್ಮ ಮನೆಮಾತಿನಲ್ಲೇ ಕೇಳಿಸಿತ್ತು, ಹೆಂಗಸಿನ ಧ್ವನಿಯಲ್ಲಿ. ಡಾಕ್ಟರರು ಪ್ರಾಮಾಣಿಕವಾಗಿ, ತಮಗೆ ಏನೂ ಕೇಳಿಸಲಿಲ್ಲ, ನಾನು ನಿಂತದ್ದು ನೋಡಿ ತಾವೂ ನಿಂತದ್ದು ಎಂದರು. ಎಲ್ಲರೂ ಸತ್ಯಪ್ಪನ ಕಡೆ ನೋಡಿದೆವು. ಸುಭೇದಾರರು ತಮ್ಮನ ಗದ್ದ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಸತ್ಯಾ, ಯಾಕ ನಿಂತಿ?"

"ನಿಲ್ಲು ಅಂದ್ರು."

"ಯಾರು?"

"ಗೊತ್ತಿಲ್ಲ. ಸತ್ಯಾ, ನಿಲ್ಲು ಅಂದ್ರು. ಕೇಳಿಸ್ತು." ಅವನು ಕಿವಿ ಮುಟ್ಟಿ ತೋರಿಸಿದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಕಳೆದುಹೋದ ವಸ್ತುವನ್ನು ಯಾರೋ ಅಂಗೈಯಲ್ಲಿಟ್ಟು ಹೋದಂಥ ಮುಖ.

ಸುಭೇದಾರರು ಯುದ್ಧದಲ್ಲಿದ್ದಾಗ ತಾಯಿ ತೀರಿಕೊಂಡಿದ್ದರು, ಮಣ್ಣಿಗೂ ಬರಲಾಗಿರಲಿಲ್ಲ. ಅವರು ತೀರ ಸಣ್ಣ ಧ್ವನಿಯಲ್ಲಿ ಕೇಳಿದರು:

"ಅವ್ವನ ದನೀ ಏನಲೇ?"

ಸತ್ಯಪ್ಪ ಅಣ್ಣನ ತುಟಿ ನೋಡಿದ. ಆಮೇಲೆ ತಿಳಿಯದೆಂಬಂತೆ ತಲೆಯಾಡಿಸಿದ.

"ಅವ್ವನ ದನೀ ನನಗ ಮರ್ತ ಹೋಗೇತಿ ಅಣ್ಣಾ. ಹೆಂಗ ಹೇಳ್ಲಿ?"

ಸುಭೇದಾರರು ಎದ್ದು ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಅವರಿಗೂ ಏನೂ ಕೇಳಿಸಿರಲಿಲ್ಲ.

ಡಾಕ್ಟರರು ಸುಮ್ಮನೆ ಕೂರಲಿಲ್ಲ. ಸತ್ಯಪ್ಪ ರೊಟ್ಟಿ ತಿನ್ನುತ್ತಿದ್ದಾಗ ಅವನ ಹಿಂದೆ ಹೋಗಿ ಊಟದ ಡಬ್ಬಿಯ ಮುಚ್ಚಳವನ್ನು ಬಂಡೆಯ ಮೇಲೆ ಎತ್ತಿ ಹಾಕಿದರು. ಎದುರಿನ ಗುಡ್ಡದವರೆಗೆ ಸದ್ದು ಹೋಯಿತು. ಸತ್ಯಪ್ಪ ತುತ್ತು ಮುರಿಯುವುದನ್ನು ಬಿಡಲಿಲ್ಲ. ಗುಂಡಿಯಿಂದ ತಣ್ಣನೆ ಗಾಳಿ ಬಂದು ಕಾಲಿಗೆ ತಗುಲಿರಬೇಕು, ದೇಹ ತಾನಾಗಿ ನಿಂತಿರಬೇಕು, ಧ್ವನಿ ಆಮೇಲೆ ಮನಸ್ಸು ಹೊಂದಿಸಿಕೊಂಡದ್ದು ಎಂದು ಡಾಕ್ಟರರು ವಿವರಿಸಿದರು. ಒಳ್ಳೆಯ ವಿವರಣೆ. ನಾನು ಒಪ್ಪಲು ಬಹಳ ಪ್ರಯತ್ನಪಟ್ಟೆ. ಗಾಳಿ ಕಾಲಿಗೆ ತಗುಲಿದ್ದರೆ ಅವನು ಕಾಲಿನ ಕಡೆ ನೋಡಬೇಕಿತ್ತು. ಅವನು ನೋಡಿದ್ದು ಗೋಡೆಯ ಕಡೆ, ನಾನು ನೋಡಿದ ಕಡೆಯೇ. ಗುಡ್ಡದ ಕೆಳಗಿನ ವಸ್ತಿಯವರು ದೇವಿ ಕಾಪಾಡಿದಳೆಂದರು. ಸುಭೇದಾರರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಕಪ್ಪು ಅಂಗಳದ ದಾರಿಗೆ ಕಲ್ಲು ಅಡ್ಡ ಕಟ್ಟಿ, ಮುಂದಿನ ಅಂಗಳದವರೆಗಷ್ಟೇ ಪ್ರವಾಸ ನಡೆಸತೊಡಗಿದರು.

ಕೆಲವು ವರ್ಷಗಳ ಮೇಲೆ, ಹಿಡಕಲ್ಲಿನಲ್ಲಿ ಆಣೆಕಟ್ಟಿನ ಕೆಲಸ ನಡೆದಿದ್ದ ಕಾಲಕ್ಕೆ, ಗೋಕಾಕದ ಬಸ್ ನಿಲ್ದಾಣದಲ್ಲಿ ಸತ್ಯಪ್ಪ ಸಿಕ್ಕ. ತಲೆ ಅರ್ಧ ನರೆತಿತ್ತು. ನನ್ನನ್ನು ಗುರುತಿಸಿ ತಾನೇ ಹತ್ತಿರ ಬಂದ. ತುಟಿ ಕಾಣುವಂತೆ ನಿಧಾನವಾಗಿ ಕೇಳಿದೆ, ಈಗಲೂ ಗವಿಗೆ ಹೋಗುತ್ತೀರೇನು ಎಂದು.

"ಅಣ್ಣಾ ಹೋಗ್ತಾನ್ರಿ. ವಯಸ್ಸಾಗೇತಿ, ಬ್ಯಾಡಂದ್ರ ಕೇಳಂಗಿಲ್ಲ. ಆ ಕಲ್ಲಿನ ಗ್ವಾಡಿ ಮಟಾ ಹೋಗಿ, ದೀಪಾ ಆರಿಸಿ ಕೂಡ್ತಾನ. ಒಮ್ಮೆ ತನಗೂ ಕೇಳಸ್ಲಿ ಅಂತ. ನಾ ಹೊರಗ ಮರದ ಕೆಳಗ ಕುಂದರ್ತೇನಿ."

"ನಿಮಗ ಮತ್ತೊಮ್ಮೆ ಕೇಳಬೇಕು ಅನಸಂಗಿಲ್ಲೇನ್ರಿ?"

ಅವನು ನಕ್ಕ. ನಿಲ್ದಾಣದ ಗದ್ದಲವೆಲ್ಲ ಅವನ ಸುತ್ತ ಸದ್ದಿಲ್ಲದೆ ನಡೆದಿತ್ತು.

"ಇಲ್ರಿ ಅಕ್ಕಾರ. ನನಗ ಕೇಳೇತಲ್ಲ."

ನನ್ನ ಬಸ್ಸು ಬಂತು, ಹತ್ತಿದೆ. ಅವನಿಗಿದ್ದ ಆ ನೆಮ್ಮದಿ ನನಗೆ ದೊರೆತಿಲ್ಲ. ಅದೇ ಧ್ವನಿ ನನಗೂ ಕೇಳಿಸಿತ್ತು; ಯಾರದೆಂದು ನಾನು ಇನ್ನೂ ಕೇಳಿಕೊಳ್ಳುತ್ತಲೇ ಇದ್ದೇನೆ.