ಗಳಗನಾಥದಲ್ಲಿ ಮುಳುಗಿದವರು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ನಿಜಲಿಂಗಪ್ಪನವರಿಗೆ ಅರವತ್ತು ತುಂಬಿದ್ದೇ ತಡ, ಆತ್ಮಕಥೆಯ ಹುಚ್ಚು ಹತ್ತಿತು. ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಆಗ ನಾನೊಂದು ವಾರಪತ್ರಿಕೆ ನಡೆಸುತ್ತಿದ್ದೆ, ಓದುವವರಿಗಿಂತ ಬರೆಯುವವರೇ ಹೆಚ್ಚಿದ್ದ ಪತ್ರಿಕೆ. ಅವರು ತಂದಿಟ್ಟ ಹಾಳೆಗಳನ್ನು ಬಿಚ್ಚಿದೆ, ಏಳು ಸಲ ಸೀನಿದೆ. ಅಂಗಡಿಯ ಖಾರವೆಲ್ಲ ಹಾಳೆಗೆ ಹತ್ತಿತ್ತು, ಬರಹದಲ್ಲಿ ಮಾತ್ರ ಚೂರೂ ಇರಲಿಲ್ಲ.

ಪುಟಪುಟಕ್ಕೂ ಅವರೇ ಗೆಲ್ಲುತ್ತಿದ್ದರು. ಮದುವೆಯಾದ ಹೊಸದರಲ್ಲಿ ಗಳಗನಾಥದ ಹೊಳೆಯಲ್ಲಿ ಮುಳುಗುತ್ತಿದ್ದ ಹೆಂಡತಿ ಉಡಚವ್ವನನ್ನು ಜೀವದ ಹಂಗು ತೊರೆದು ಉಳಿಸಿದ್ದರು. ಆ ಕಥೆ ಊರಿಗೇ ಬಾಯಿಪಾಠ.

"ಸಾವಕಾರ್ರ, ಚೀಲದ ಮ್ಯಾಲಿನ ಕಾಯಿ ಅಷ್ಟ ನೋಡಿ ದರಾ ಬರೀತೀರೇನ್ರಿ?" ಎಂದೆ.

"ಏನ್ ಕೇಳ್ತಿ ತಮ್ಮಾ? ಮ್ಯಾಲ ಚಂದನ್ನೂವು ಹಾಕಿರ್ತಾರ. ಮೊಣಕೈತನಾ ಕೈ ಹಾಕಿ ತಳದಾಗಿಂದು ತಗೀತೇನಿ."

"ಇದರಾಗೂ ಹಂಗ ತಗೀರಿ ಮತ್ತ."

ಹಾಳೆ ಎತ್ತಿಕೊಂಡು ಎದ್ದೇ ಹೋದರು. ಅವರ ಅಂಗಡಿಯ ಜಾಹೀರಾತಿಗೂ ಎಳ್ಳುನೀರು ಬಿಟ್ಟೆ ಅಂದುಕೊಂಡೆ.

ಮೂರನೇ ದಿನ ಬೆಳಿಗ್ಗೆ ಬಂದವರೇ ಬಾಗಿಲು ಮುಂದೆ ಮಾಡಿ, ಹೊಸದಾಗಿ ಬರೆದದ್ದನ್ನು ಸಣ್ಣ ದನಿಯಲ್ಲಿ ಓದಿದರು. ಮುಳುಗಿದ್ದು ಅವರೇ. ಹೊಸ ಹೆಂಡತಿಯೆದುರು ಈಜಿನ ಜಂಬ ಕೊಚ್ಚಿ ನೀರಿಗಿಳಿದು, ನಾಲ್ಕು ಗುಟುಕು ಕುಡಿದು, ಅವ್ವನನ್ನು ಕೂಗಿದ್ದರು. ಕೂದಲು ಹಿಡಿದು ದಂಡೆಗೆ ಎಳೆದವಳು ಉಡಚವ್ವ. ಜನ ಸೇರಿದಾಗ ಬಾಯಿಗೆ ಬಂದದ್ದು ಸುಳ್ಳು. ಆಕೆ ಮೂವತ್ತೈದು ವರ್ಷ ತುಟಿ ಬಿಚ್ಚಿರಲಿಲ್ಲ.

"ಊರು ನಗತೈತಿ, ನಗಲಿ. ಆಕಿ ಏನಂತಾಳೋ, ಅದೊಂದ ಅಂಜಿಕಿ ನೋಡಪಾ" ಎಂದವರಿಗೆ ತಮಗೇ ನಗು ಒತ್ತರಿಸಿ ಬಂತು. ನನಗೂ ತಡೆಯಲಾಗಲಿಲ್ಲ. ನಗುವುದು, ಸೀನುವುದು, ಮತ್ತೆ ನಗುವುದು. ನಿಜ ಹೇಳುವ ಅಮಲು ಏರಿಬಿಟ್ಟಿತ್ತು ಮನುಷ್ಯನಿಗೆ. ಮೀಸೆಗೆ ಹಚ್ಚುವ ಕಪ್ಪು, ಸೂಜಿ ಕಂಡರೆ ದವಾಖಾನೆಯಿಂದ ಓಡಿಬರುವುದು, ಕೇಳದಿದ್ದರೂ ಎಲ್ಲ ಒಪ್ಪಿಕೊಂಡರು. ನನಗೆ ಅವರ ಮೇಲೆ ಅವತ್ತು ಹುಟ್ಟಿದ ಪ್ರೀತಿ ಇಂದಿಗೂ ಹೋಗಿಲ್ಲ.

"ಮೊದಲ ಮನ್ಯಾಗ ಓದ್ರಿ" ಎಂದು ಜೊತೆಗೇ ಹೊರಟೆ. ಉಡಚವ್ವ ರೊಟ್ಟಿ ಬಡಿಯುತ್ತಿದ್ದರು. ಇವರು ಬಾಗಿಲಲ್ಲೇ ನಿಂತು ಓದಿದರು. ಆಕೆ ಕೈ ನಿಲ್ಲಿಸಿ ಕೊನೆಯತನಕ ಕೇಳಿದರು.

"ಖರೇನ ಬರದೀರಿ. ಆದ್ರ ಒಂದ ಬಿಟ್ಟೈತಿ."

"ಇನ್ನೇನ ಐತಿ?"

"ನಿಮ್ಮ ಜಂಬ ಕೇಳಿ ಕೇಳಿ ನನಗ ಸಾಕಾಗಿತ್ತು. ಎಳೀಲೋ ಬಿಡಲೋ ಅಂತ ಒಂದ ಗಳಿಗಿ ದಂಡಿ ಮ್ಯಾಲ ನಿಂತಿದ್ದೆ. ಅದನ್ನೂ ಬರೀರಿ."

ನಿಜಲಿಂಗಪ್ಪನವರು ಕೊನೆಯ ಹಾಳೆಯನ್ನು ಬಾಗಿಲಿಗೆ ಒತ್ತಿ ಹಿಡಿದರು. ಆಮೇಲೆ ನನ್ನ ಕಡೆ ಕೈ ಚಾಚಿ ಪೆನ್ನು ಕೇಳಿದರು.