ಹತ್ತಿ ಆಪಾ ಅವರ ಪಾಲುದಾರಿಕೆ

ಬಡ್ಡಿ ಕಟ್ಟುವುದು ಎರಡು ವಾರ ತಡವಾಯಿತೆಂದು, ಸಾಲ ಕೊಟ್ಟವನು ಒಬ್ಬ ವಿಧವೆಯ ಹತ್ತಿ ಹಿಂಜುವ ಯಂತ್ರವನ್ನು ಹೊತ್ತುಕೊಂಡು ಹೋದ. ಅದರ ಹಲ್ಲುಗಳಿಗೆ ಸಿಕ್ಕಿಕೊಂಡಿದ್ದ ಗಿರಾಕಿಯ ಹತ್ತಿಯೂ ಜೊತೆಗೇ ಹೋಯಿತು.

ಆ ವಿಧವೆಯೇ ಈ ಹತ್ತಿ ಆಪಾ, ಅಂದರೆ ಹತ್ತಿ ಅಕ್ಕ. ಮಾತಾಡಿಸಲೆಂದು ಈಗ ನಾವು ಹೋದರೆ, ಬೆಳಕು ಹರಿಯುವ ಹೊತ್ತಿಗಾಗಲೇ ತಗಡಿನ ಶೆಡ್ಡಿನಲ್ಲಿ ಬೇರೊಂದು ಯಂತ್ರದ ಬಾಯಿಗೆ ಗಂಟುಗಟ್ಟಿದ ಹಳೇ ಹತ್ತಿ ತುರುಕುತ್ತಿದ್ದಾರೆ. ರೆಪ್ಪೆಯ ಮೇಲೆಲ್ಲ ಬಿಳಿ ಎಳೆಗಳು. ಆಚೆ ಬದಿಯಿಂದ ಹಗುರಾಗಿ ಬಿದ್ದ ಹತ್ತಿಯನ್ನು ನಾದಿನಿ ಚೀಲಕ್ಕೆ ತುಂಬಿ ಉದ್ದ ಸೂಜಿಯಲ್ಲಿ ಹೊಲಿಯುತ್ತಾಳೆ. ದಿನಕ್ಕೆ ಆರು ಹಾಸಿಗೆ. ಊರು ಮಲಗುವುದು ಇವರ ದುಡಿಮೆಯ ಮೇಲೆ; ಎದ್ದ ಮೇಲೆ ಇವರ ಹೆಸರು ಕೇಳಿದವರಿಲ್ಲ.

ಈ ಯಂತ್ರ ಜಕಾತಿನದು. ಇಸ್ಲಾಮಿನ ಪ್ರಕಾರ ಉಳ್ಳವರ ಆಸ್ತಿಯಲ್ಲಿ ಇಲ್ಲದವರಿಗೆ ಸೇರಲೇಬೇಕಾದ ಪಾಲು ಅದು. ಮಸೀದಿಯ ಹಿರಿಯರು ತಂದಿಳಿಸಿದಾಗ ಆಪಾ, "ಯಾವಾಗ ತೀರಿಸ್ಬೇಕು?" ಎಂದರಂತೆ. "ತೀರಿಸೋಕೆ ಇದೇನು ಸಾಲಾನಾ? ನಿನ್ನ ಹಕ್ಕು ಕಣಮ್ಮ" ಅಂದರಂತೆ ಹಿರಿಯರು.

ಯಂತ್ರವೇನೋ ಬಂತು, ಹತ್ತಿ ಕೊಳ್ಳಲು ಕಾಸಿಲ್ಲ. ಎದುರು ಬೀದಿಯ ಬಟ್ಟೆ ಅಂಗಡಿ ಚಾಚಾ ಬಂಡವಾಳ ಹಾಕಿದರು. ಲಾಭ ಬಂದರೆ ಅರ್ಧರ್ಧ. ನಷ್ಟವಾದರೆ ಚಾಚಾ ಅವರ ದುಡ್ಡು ಹೋಯಿತು, ಆಪಾ ಅವರ ಬೆವರು ಹೋಯಿತು.

ಮೊದಲ ವರ್ಷವೇ ಕೊಂಡ ಹತ್ತಿ ಒದ್ದೆಯಾಗಿ ಕೊಳೆಯಿತು. ಸುದ್ದಿ ಆಗಲೇ ಚಾಚಾ ಅವರ ಅಂಗಡಿ ತಲುಪಿದ್ದು ತಿಳಿಯದೆ ಆಪಾ ಅದನ್ನು ಮುಚ್ಚಿಟ್ಟರು. ಓಲೆ ಮಾರಿ, "ಲಾಭ" ಎಂದು ಕೊಟ್ಟುಬಂದರು.

"ಚಾಚಾ ನನ್ನ ಬೋಳು ಕಿವಿ ನೋಡಿದ್ರು. 'ಹತ್ತಿ ಕೊಳೆತ ತಿಂಗಳು ಲಾಭ ಎಲ್ಲಿ ಬೆಳೀತು ಮಗಳೇ, ಕಿವೀಲಾ?' ಅಂತ ಬೈದು ವಾಪಸ್ ಕೊಟ್ರು," ಎಂದು ಆಪಾ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಏನ್ಮಾಡೋದು, ಬಡ್ಡಿ ಕಟ್ಟಿ ಕಟ್ಟಿ ಕೈಗೆ ಅದೇ ಚಾಳಿ."

ಇಂದು ಶೆಡ್ಡಿನಲ್ಲಿ ನಾಲ್ಕು ಹೆಂಗಸರಿಗೆ ಕೂಲಿಯಿದೆ. ಆದರೆ ಚಾಚಾ ಈಗಿಲ್ಲ. ಬಂಡವಾಳ ಮಗನ ಕೈಗೆ ಬಂದಿದೆ. ನಾವು ಮಾತಾಡುತ್ತಿರುವಾಗಲೇ ಅವನು ಬಾಗಿಲಲ್ಲಿ ಬಂದು ನಿಲ್ಲುತ್ತಾನೆ.

"ಲೆಕ್ಕ ಗಿಕ್ಕ ನೋಡೋಕೆ ನಂಗೆ ಪುರುಸೊತ್ತಿಲ್ಲ ಆಪಾ. ಲಾಭವೋ ನಷ್ಟವೋ, ತಿಂಗಳಿಗೆ ಇಷ್ಟು ಅಂತ ಕೊಟ್ಬಿಡಿ. ಇಲ್ಲಾಂದ್ರೆ ನನ್ನ ದುಡ್ಡು ವಾಪಸ್."

ಹೊಲಿಯುವ ಕೈಗಳು ನಿಲ್ಲುತ್ತವೆ. ಬಂಡವಾಳ ಹೋದರೆ ನಾಳೆ ಹತ್ತಿಯಿಲ್ಲ, ಕೂಲಿಯೂ ಇಲ್ಲ. "ಒಪ್ಕೊಂಡ್ಬಿಡಿ ಅತ್ತಿಗೆ," ನಾದಿನಿ ಪಿಸುಗುಟ್ಟುತ್ತಾಳೆ.

ಆಪಾ ಯಂತ್ರ ನಿಲ್ಲಿಸುತ್ತಾರೆ.

"ಅದಕ್ಕೆ ಬಡ್ಡಿ ಅಂತಾರೆ ಮಗಾ. ನಿಮ್ಮಪ್ಪ ನನ್ನನ್ನ ಪಾಲುದಾರಳು ಅಂತ ಕೂರಿಸಿದ್ರು, ಸಾಲಗಾರಳು ಅಂತಲ್ಲ. ನಷ್ಟದಲ್ಲೂ ಜೊತೆಗಿರ್ತೀಯಾ, ಕೂತ್ಕೋ, ಟೀ ತರಿಸ್ತೀನಿ. ಇರಲ್ವಾ, ನಿನ್ನ ದುಡ್ಡಲ್ಲಿ ಕೊಂಡು ಉಳಿದಿರೋ ಹತ್ತಿ ತೂಗಿಸ್ಕೊಂಡು ಹೋಗು. ತಿಂಗಳಿಗಿಷ್ಟು ಅನ್ನೋದನ್ನ ಮಾತ್ರ ನಾನು ಕೊಡಲ್ಲ."